ದಣಪೆ

ಸಾಗರದ ಸೊರಬ ರಸ್ತೆಯಲ್ಲಿ, ಹೊಲಿಗೆ ಅಂಗಡಿಯ ಮೇಲೆ
ನಾವು ಮೂವರು ಒಂದು ಲೋಕ ಮಾಡುತ್ತಿದ್ದೆವು.
ಗುತ್ಯಪ್ಪ ಅದರ ನಿಯಮ ಬರೆಯುವವನು.
ನನ್ನದು ಗಿಡ, ಗುಡ್ಡ, ಗೋಡೆ, ಮೋಡ.
ಮೆಹರುನ್ನೀಸಾ ಲೆಕ್ಕ ಇಡುವವಳು:
ಎಷ್ಟು ಜನ ಬಂದರು, ಎಷ್ಟು ಹೊತ್ತಿದ್ದರು,
ಯಾವ ಮರದ ಕೆಳಗೆ ಬೇಸರ ಬಂದು ಹೊರಟರು.

ಕೆಳಗೆ ಹೊಲಿಗೆ ಯಂತ್ರ ಟರ್ರೆಂದಾಗಲೆಲ್ಲ
ನನ್ನ ಪರದೆಯ ಸಮುದ್ರ ಸಣ್ಣಗೆ ನಡುಗುತ್ತಿತ್ತು.
ಅಲೆ ಅಂದುಕೊಂಡು ಹಾಗೇ ಬಿಟ್ಟೆ.

"ಮೂರು ನಿಮಿಷ," ಅಂದಳು ಮೆಹರುನ್ನೀಸಾ,
"ಸರಾಸರಿ ಮೂರು ನಿಮಿಷ ಹತ್ತು ಸೆಕೆಂಡು.
ಇಷ್ಟು ಹೊತ್ತು ಜನ ಕೆಟ್ಟುನಿಂತ ಎಟಿಎಮ್ಮಿನ ಮುಂದೂ ನಿಲ್ತಾರೆ."

ಮಜಾ ಬೇಕು, ಎಂದು ಬರೆದರು ದುಡ್ಡು ಹಾಕಿದವರು.
ಮಜಾ ಎಂದರೆ ಎಷ್ಟು ಕೆಜಿ, ಯಾವ ಬಣ್ಣ,
ನೆಲಕ್ಕೆ ನೆಡುವುದೋ ಮೇಲಿಂದ ಸುರಿಯುವುದೋ
ಬರೆದಿರಲಿಲ್ಲ.

ಸುರಿದೆವು.
ಚಿನ್ನದ ನಾಣ್ಯ, ಹಾರುವ ಮೀನು,
ಬಂದವರಿಗೆಲ್ಲ ತಲೆಗೊಂದು ಕಿರೀಟ.
ಎಲ್ಲರಿಗೂ ಕಿರೀಟ ಸಿಕ್ಕ ಊರಿನಲ್ಲಿ
ನಮಸ್ಕಾರ ಹೊಡೆಯುವವರು ಯಾರು?
ಬಂದರು, ತಲೆ ಮುಟ್ಟಿ ನೋಡಿಕೊಂಡರು, ಹೋದರು.
ಜಲಪಾತ ಮಾಡಿದೆ, ಜೋಗಕ್ಕಿಂತ ಎತ್ತರ,
ಏಪ್ರಿಲ್ಲಿನಲ್ಲೂ ಬತ್ತುವುದಿಲ್ಲ.
ಬತ್ತುವುದೇ ಇಲ್ಲವೆಂದರೆ
ಇವತ್ತೇ ಬಂದು ನೋಡಬೇಕೆಂದು ಯಾರಿಗನಿಸೀತು?

ಆ ವಾರ, ಬೇಸರಕ್ಕೆ, ಯಾರೂ ಹೇಳದಿದ್ದರೂ
ಗದ್ದೆಯಂಚಿಗೆ ಒಂದು ದಣಪೆ ಇಟ್ಟೆ.
ಎರಡು ಕಲ್ಲುಕಂಬ, ತೂತು, ಅಡ್ಡಕ್ಕೆ ನಾಲ್ಕು ಗಳ.
ಸೋದರತ್ತೆಯ ಮನೆಯದರ ಹಾಗೆ
ಮೂರನೆಯದು ಕೊಂಚ ಡೊಂಕು.
ಆಚೆಗೆ ಏನೂ ಇಲ್ಲ. ಹುಲ್ಲು. ಮಾಡಿ ಮುಗಿಸದ ಹುಲ್ಲು.

ಗುತ್ಯಪ್ಪನ ಸಾಲಿನಲ್ಲೆಲ್ಲೋ ಒಂದು ತಪ್ಪಾಯಿತು:
ಒಬ್ಬರೇ ಎಳೆದರೆ ಗಳ ಅಲುಗುತ್ತದೆ, ಬರುವುದಿಲ್ಲ.
ಆ ತುದಿಗೆ ಇನ್ನೊಂದು ಕೈ ಬೇಕು.

ಸೋಮವಾರ ಮೆಹರುನ್ನೀಸಾಳ ನಕ್ಷೆಯಲ್ಲಿ
ಗದ್ದೆಯಂಚು ಕೆಂಪಗೆ ಕಾದಿತ್ತು.
ಕಾಗೆಯ ವೇಷದಲ್ಲಿ ಒಳಗಿಳಿದು ಕಂಬದ ಮೇಲೆ ಕೂತೆ.

ಗುಂಡುಪಿನ್ನು೪೭ ಎಂಬ ಹೆಸರಿನವನು
ಕಿರೀಟ ಹೊತ್ತು, ಗಳ ಹಿಡಿದು ನಿಂತಿದ್ದಾನೆ.
"ಯಾರಾದ್ರೂ ಇದ್ದೀರಾ? ಆ ಕಡೆ ಸ್ವಲ್ಪ ಹಿಡೀರಿ."
ಒಬ್ಬಳು ಬಂದಳು. ಇವನದು ಅವಸರ, ಅವಳದು ನಿಧಾನ.
ಮೊದಲ ಗಳ ಇವನ ಕಾಲ ಮೇಲೇ ಬಿತ್ತು.
"ನಿಮ್ಮ ಕಡೆ ಇದಕ್ಕೇನಂತಾರೆ?"
"ಉಣುಗೋಲು."
"ನಮ್ಮಲ್ಲಿ ದಣಪೆ."
"ತಡಮೆ ಅಲ್ವಾ?" ಎಂದಿತು ಹಿಂದಿನಿಂದ ಒಂದು ಮೊಲ.
ಆ ಮೂರು ಮಾತಿಗೆ ನಲವತ್ತು ನಿಮಿಷ ಜಗಳ.
ಅಷ್ಟರಲ್ಲಿ ಡೊಂಕು ಗಳಕ್ಕೆ ಯಾರೋ ಭಾವಯ್ಯ ಎಂದು ಹೆಸರಿಟ್ಟಾಗಿತ್ತು,
ದಾರಿಗೆ ಅಡ್ಡ ಸಿಕ್ಕಿಕೊಳ್ಳುವುದು ಯಾವಾಗಲೂ ಅವನೇ ಎಂದು.

ಆಚೆಗೆ ದಾಟಿದರು. ಹುಲ್ಲು ನೋಡಿದರು. ತಿರುಗಿ ಬಂದರು.
ಬಂದವರು ಗಳಗಳನ್ನು ಮತ್ತೆ ತೂರಿಸಿದರು,
ಒಂದು, ಎರಡು, ಭಾವಯ್ಯ, ನಾಲ್ಕು,
ದನ ನುಗ್ಗೀತೆಂದು.
ನಮ್ಮ ಲೋಕದಲ್ಲಿ ದನವೇ ಇರಲಿಲ್ಲ.

ಗುತ್ಯಪ್ಪ ತಪ್ಪು ತಿದ್ದಲು ಕೂತ.
ಮೆಹರುನ್ನೀಸಾ ಅವನ ಕುರ್ಚಿಯನ್ನೇ ಹಿಂದಕ್ಕೆಳೆದಳು.
ದುಡ್ಡು ಹಾಕಿದವರು ಕುಣಿದು ಬರೆದರು:
ಇಂಥವು ಇನ್ನೂರು ಹಾಕಿ.
ಹಾಕಿದೆವು. ಒಬ್ಬರೂ ನಿಲ್ಲಲಿಲ್ಲ.
ನೂರ ತೊಂಬತ್ತೊಂಬತ್ತು ಕಿತ್ತೆವು,
ಆಮೇಲೂ ಕೆಲವು ದಿನ ಗದ್ದೆಯಂಚು ಮುನಿಸಿಕೊಂಡೇ ಇತ್ತು.

ಈಗ ಒಂದು ದನ ಮಾಡುತ್ತಿದ್ದೇನೆ.
ಬೆನ್ನಾಯಿತು, ಬಾಲವಾಯಿತು, ಒಂದು ಕಿವಿ ಬಾಕಿ.
ಅದು ಯಾರಿಗೂ ಕಾಣಬಾರದು.
ಆಚೆಯ ಹುಲ್ಲಿನಲ್ಲಿ, ಕತ್ತಲಾಗುವ ಹೊತ್ತಿಗೆ,
ಕೊರಳ ದೊಂಟೆ ಮಾತ್ರ ಆಗೀಗ ಕೇಳಬೇಕು.

ಆ ಸದ್ದಿಗೆಂದು ಕೆಳಗಿನ ಅಂಗಡಿಯಿಂದ
ಹಳೆಯ ಮರದ ನೂಲಿನ ರೀಲು ಎರಡು ತಂದು
ಒಂದಕ್ಕೊಂದು ಬಡಿದೆ.
ಗುತ್ಯಪ್ಪ ಬರೆಯುವುದು ನಿಲ್ಲಿಸಿ
ಕಿಟಕಿಯಾಚೆ ಬಗ್ಗಿ ನೋಡಿದ.